ಸನ್‌ಬೆಡ್‌ನಲ್ಲಿ ಮಲಗಿದರೆ ವಿಟಮಿನ್ ಡಿ ಸಿಗುತ್ತದೆಯೇ?

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ. ಚಳಿಗಾಲದಲ್ಲಿ ಅಲ್ಲಿ ಬಿಸಿಲೇ ಅಪರೂಪ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದಿದೆ. ರೂಮಿನ ಗೆಳತಿಯರು ಮೈಬಣ್ಣಕ್ಕೆಂದು ಸನ್‌ಬೆಡ್‌ಗೆ ಹೋಗುತ್ತಾರಂತೆ. ‘ನೀನೂ ಬಾ, ವಿಟಮಿನ್ನೂ ಸಿಗುತ್ತೆ’ ಅನ್ನುತ್ತಾರಂತೆ. ಹೋಗಬಹುದೇ?
— ಹೆಸರು ಬೇಡ, ಹಾಸನ

ಉತ್ತರ: ಖಂಡಿತ ಬೇಡ. ಸನ್‌ಬೆಡ್ ಎಂದರೆ ಮುಚ್ಚಳವಿರುವ ಮಂಚ. ಕೆಳಗೂ ಮುಚ್ಚಳದಲ್ಲೂ ಟ್ಯೂಬ್‌ಲೈಟಿನಂಥ ದೀಪಗಳ ಸಾಲು. ಅವು ಅತಿನೇರಳೆ ಕಿರಣಗಳನ್ನು ಸೂಸುತ್ತವೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದದ್ದು ಯುವಿ-ಬಿ ಕಿರಣ. ಈ ದೀಪಗಳಿಂದ ಬರುವುದು ಬಹುಪಾಲು ಯುವಿ-ಎ. ಅದು ಚರ್ಮದ ಆಳಕ್ಕಿಳಿದು ಬೇಗ ಸುಕ್ಕು ತರುತ್ತದೆ. ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಬಿದ್ದಾಗ ಚರ್ಮ ತನ್ನ ರಕ್ಷಣೆಗೆ ಮೆಲನಿನ್ ಹೆಚ್ಚಿಸಿಕೊಳ್ಳುತ್ತದೆ. ಟ್ಯಾನ್ ಆ ಪೆಟ್ಟಿನ ಗುರುತೇ ಹೊರತು ಆರೋಗ್ಯದ ಕಳೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಈ ಯಂತ್ರಗಳನ್ನು ತಂಬಾಕು, ಆಸ್ಬೆಸ್ಟಾಸ್ ಇರುವ ಗುಂಪಿಗೇ ಸೇರಿಸಿತು. ಅದೇ ವರ್ಷ ಬ್ರೆಜಿಲ್ ಅಂದಕ್ಕಾಗಿ ಇವನ್ನು ಬಳಸುವುದನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ನಿಷೇಧವಿರುವುದು 18 ತುಂಬದವರಿಗೆ ಮಾತ್ರ. ಆದರೆ ಕಾನೂನು ಬಿಟ್ಟಿದೆ ಎಂದು ಅಪಾಯ ಬಿಡುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಶುರುಮಾಡಿದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚು.

ವಿಟಮಿನ್ ಡಿಗೆ ಮಾತ್ರೆ ಸಾಕು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಚಳಿಗಾಲದಲ್ಲಿ ಎಲ್ಲರಿಗೂ, ನಮ್ಮಂಥ ಕಂದು ಮೈಬಣ್ಣದವರಿಗೆ ವರ್ಷವಿಡೀ, ದಿನಕ್ಕೆ 10 ಮೈಕ್ರೋಗ್ರಾಂ ಸೂಚಿಸುತ್ತದೆ. ನಿಮ್ಮ ಮಗಳಿಗೆ ಈಗಾಗಲೇ ಕೊರತೆ ಇರುವುದರಿಂದ ಡೋಸ್ ಎಷ್ಟೆಂದು ಅಲ್ಲಿನ ವೈದ್ಯರೇ ಹೇಳಲಿ.

ಪ್ರಶ್ನೆ: ಬೇಸಿಗೆ ರಜೆಗೆ ಅವರೆಲ್ಲ ಸ್ಪೇನ್‌ನ ಬೀಚಿಗೆ ಹೊರಟಿದ್ದಾರೆ. ಮೊದಲೇ ಟ್ಯಾನ್ ಆಗಿದ್ದರೆ ಮೈ ಸುಡುವುದಿಲ್ಲವಂತೆ, ನಿಜವೇ? ನಮ್ಮ ಬಣ್ಣದವರಿಗೂ ಸನ್‌ಸ್ಕ್ರೀನ್ ಬೇಕೇ?
— ಅವರೇ

ಉತ್ತರ: ಟ್ಯಾನ್ ಕೊಡುವ ರಕ್ಷಣೆ ಹೆಚ್ಚೆಂದರೆ ಎಸ್‌ಪಿಎಫ್ 3 ಅಥವಾ 4ರಷ್ಟು. ಬೀಚಿಗೆ ಬೇಕಾದದ್ದು ಕನಿಷ್ಠ 30. ಕಂದು ಬಣ್ಣ ನಮ್ಮನ್ನು ಸ್ವಲ್ಪ ಕಾಯುತ್ತದೆ, ಪೂರ್ತಿಯಲ್ಲ. ಆದ್ದರಿಂದ ಯುವಿ-ಎ, ಯುವಿ-ಬಿ ಎರಡನ್ನೂ ತಡೆಯುವ ಸನ್‌ಸ್ಕ್ರೀನ್ ಕೊಳ್ಳಲಿ. ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ತೋರುಬೆರಳು, ನಡುಬೆರಳಿನ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿದಷ್ಟು ಕ್ರೀಮು ಮುಖ, ಕುತ್ತಿಗೆಗೇ ಬೇಕು. ಹೊರಡುವ ಅರ್ಧ ಗಂಟೆ ಮೊದಲು ಹಚ್ಚಿ, ಎರಡೆರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಬೇಕು. ನೆರಳು ನಮಗಿಂತ ಗಿಡ್ಡವಾಗಿ ಬೀಳುವ ಹೊತ್ತಿನಲ್ಲಿ ಕೊಡೆ, ಅಗಲ ಅಂಚಿನ ಟೋಪಿ, ತುಂಬುತೋಳಿನ ಬಟ್ಟೆ ಇರಲಿ. ಬಣ್ಣವೇ ಬೇಕೆನ್ನುವ ಗೆಳತಿಯರಿಗೆ ಟ್ಯಾನಿಂಗ್ ಲೋಷನ್ ಇದೆ. ಅದು ಚರ್ಮದ ಮೇಲ್ಪದರಕ್ಕಷ್ಟೇ ಬಣ್ಣ ಹಿಡಿಸುತ್ತದೆ; ಬಿಸಿಲನ್ನು ತಡೆಯುವುದಿಲ್ಲ.

ಪ್ರಶ್ನೆ: ಗೋಕರ್ಣಕ್ಕೆ ಹೋಗಿ ಬಂದೆವು. ನನ್ನ ಭುಜ, ಬೆನ್ನು ಕೆಂಪಾಗಿ ಉರಿಯುತ್ತಿದೆ. ನಿಂಬೆರಸ ಹಚ್ಚಿದರೆ ಕಪ್ಪೂ ಹೋಗುತ್ತೆ ಅಂತಾರೆ. ಹಚ್ಚಲೇ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹಚ್ಚಬೇಡಿ. ನಿಂಬೆರಸ ಮೈಮೇಲಿರುವಾಗ ಬಿಸಿಲು ಬಿದ್ದರೆ ಅದರಲ್ಲಿನ ರಾಸಾಯನಿಕವೇ ಚರ್ಮವನ್ನು ಸುಟ್ಟು ಬೊಬ್ಬೆ ಏಳಿಸಬಹುದು. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಉರಿಯುವ ಜಾಗಕ್ಕೆ ತಣ್ಣೀರಿನ ಒದ್ದೆಬಟ್ಟೆ ಹಾಕಿ. ಐಸ್ ನೇರವಾಗಿ ಇಡಬೇಡಿ. ಆಮೇಲೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಲೋಳೆಸರದ ಜೆಲ್ ಹಚ್ಚಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಚೆನ್ನಾಗಿ ನೀರು ಕುಡಿಯಿರಿ. ಸಿಪ್ಪೆ ಏಳುತ್ತಿದ್ದರೆ ಕಿತ್ತುಬಿಡಬೇಡಿ, ಬೊಬ್ಬೆ ಒಡೆಯಬೇಡಿ. ಮೊಡವೆಗೆ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅದು ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆ. ಬೆನ್ನೆಲ್ಲ ಬೊಬ್ಬೆ ಎದ್ದರೆ, ಜ್ವರ, ಚಳಿ, ವಾಂತಿ ಅಥವಾ ತಲೆಸುತ್ತು ಬಂದರೆ ಮನೆಮದ್ದು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.