ಮಹಾಮಾರಿಯ ಮೊದಲ ಹದಿನೈದು ದಿನ: ರಸ್ತೆಗೆ ಮುಳ್ಳು ಬೇಡ, ಅಗಸಿಗೆ ವಹಿ ಇಡಿ

ಹೊಸ ಬೇನೆ ಬಂತೆಂದು ಟೀವಿಯಲ್ಲಿ ಕೇಳಿದ ಮರುದಿನವೇ ನಮ್ಮ ಊರುಗಳು ಮಾಡುವ ಮೊದಲ ಕೆಲಸವೆಂದರೆ ರಸ್ತೆಗೆ ಜಾಲಿಮುಳ್ಳು ಎಳೆಯುವುದು. 2020ರ ಮಾರ್ಚ್ ಕೊನೆಯ ವಾರದಲ್ಲಿ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಇದೇ ಆಯಿತು. ಕೆಲವೆಡೆ ಜೆಸಿಬಿ ತಂದು ರಸ್ತೆಯನ್ನೇ ಅಗೆದರು. ಊರಿನ ಮೇಲಿನ ಕಾಳಜಿಯಿಂದಲೇ ಮಾಡಿದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ತಪ್ಪು. ಆ ತಪ್ಪು ಮತ್ತೆ ಆಗಬಾರದೆಂದೇ ಹಿಪ್ಪರಗಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕತ್ತರಿಸಿ ಪಂಚಾಯಿತಿ ಗೋಡೆಗೆ ಅಂಟಿಸಿಕೊಂಡರೂ ಸರಿ.

ಹಿಂದಿನದ್ದನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಕೊರೊನಾದಿಂದ ದೇಶದಲ್ಲಿ ಆದ ಮೊದಲ ಸಾವು ನಮ್ಮ ಕಲಬುರಗಿಯದು, 2020ರ ಮಾರ್ಚ್ 10ರಂದು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ. 24ರ ರಾತ್ರಿ ಲಾಕ್‌ಡೌನ್ ಘೋಷಣೆ, ಬೆಳಗಾದರೆ ಯುಗಾದಿ. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆ ನಗರದಲ್ಲಿಯೇ ಹಿರಿಯರೊಬ್ಬರು ತೀರಿಕೊಂಡರು. ಕಲಬುರಗಿಯಿಂದ ನಮ್ಮ ಜಿಲ್ಲೆಗೆ ಬರಲು ಸಾವಿಗೆ ಒಂದು ತಿಂಗಳೂ ಬೇಕಾಗಲಿಲ್ಲ.

ಹೊಳೆ ಕಲಿಸಿದ್ದು, ಹೊಳೆ ಕಲಿಸದ್ದು

ಕೃಷ್ಣೆಯ ದಂಡೆಯ ನಮಗೆ ಆಪತ್ತು ಎಂದರೆ ಮಹಾಪೂರ. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದನಕರು ಬಿಚ್ಚು, ಮುದುಕರನ್ನು ಟ್ರ್ಯಾಕ್ಟರ್ ಹತ್ತಿಸು, ಎತ್ತರದ ಊರಿನ ಸಾಲಿಗೆ ಸಾಗಿಸು, ಒಂದೇ ಒಲೆಯ ಮೇಲೆ ಎಲ್ಲರಿಗೂ ಅಡುಗೆ ಇಡು. ನೀರಿನ ಮುಂದೆ ಒಂದೆಡೆ ಕೂಡುವುದೇ ರಕ್ಷಣೆ. ಉಸಿರಿನಿಂದ ಹರಡುವ ಬೇನೆಗಾದರೋ ಹಾಗೆ ಕೂಡುವುದೇ ಹಬ್ಬುವ ದಾರಿ. ಏಳು ತಿಂಗಳ ಅಂತರದಲ್ಲಿ ಬಂದ ಈ ಎರಡು ಆಪತ್ತುಗಳನ್ನು ಒಂದೇ ಬಗೆಯಲ್ಲಿ ಎದುರಿಸಲು ಹೋಗಿ ಬಹಳ ಊರುಗಳು ಎಡವಿದವು. ಸಮುದಾಯ ಭವನದಲ್ಲಿ ಕೂಡಿ ಸಭೆ ಮಾಡಿದವು, ಆಹಾರದ ಕಿಟ್ ಹಂಚಲು ಇಡೀ ಓಣಿಯನ್ನು ಒಂದೇ ಕಡೆ ಕರೆದವು.

ಹಾಗೆಂದು ಹೊಳೆಯಿಂದ ಕಲಿತದ್ದನ್ನೆಲ್ಲ ಬಿಡಬೇಕಿಲ್ಲ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ, ಯಾರ ಹತ್ತಿರ ಗಾಡಿ ಇದೆ, ಇದೆಲ್ಲ ನಮ್ಮ ಊರುಗಳಿಗೆ ಬಾಯಿಪಾಠ. ಅದನ್ನು ಕಾಗದಕ್ಕೆ ಇಳಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಮೊದಲು ಕಾರ್ಯಪಡೆ

ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆ, ತಲಾಟಿ ಇವರೆಲ್ಲ ಹೇಗೂ ಇರುತ್ತಾರೆ. ಅಷ್ಟೇ ಸಾಲದು. ಕಿರಾಣಿ ಅಂಗಡಿಯವರಲ್ಲಿ ಒಬ್ಬರು, ಹಾಲಿನ ಡೇರಿಯ ಕಾರ್ಯದರ್ಶಿ, ನೇಕಾರ ಓಣಿಯಿಂದ ಒಬ್ಬರು, ಕೇರಿಯಿಂದ ಒಬ್ಬರು, ತೋಟದ ವಸ್ತಿಗಳ ಪರವಾಗಿ ಒಬ್ಬರು ಬೇಕೇ ಬೇಕು. ಊರೊಳಗಿನ ಸಮಿತಿಗೆ ವಸ್ತಿಯಲ್ಲಿರುವವರ ನೆನಪೇ ಆಗುವುದಿಲ್ಲ. 1989ರಲ್ಲಿ ರೈತರೇ ದುಡ್ಡು ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದ ಸೀಮೆ ಇದು. ಸರಕಾರದ ಆದೇಶ ಬರಲಿ ಎಂದು ಕೈಕಟ್ಟಿ ಕೂಡುವ ಅಗತ್ಯ ನಮಗಿಲ್ಲ. ಸಭೆ ಮಾತ್ರ ಬಯಲಿನಲ್ಲಿ ಆಗಲಿ, ಬೇವಿನ ಮರದ ಕೆಳಗೆ, ದೂರ ದೂರ ಕುಳಿತು. ಮಿಕ್ಕದ್ದಕ್ಕೆ ಫೋನಿದೆ.

ಮುಳ್ಳು ಏಕೆ ಬೇಡ

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾಲ್ಕು ಮಂದಿ ಹಿರಿಯರು ಕೂಡಿದಲ್ಲಿ ಈಗಲೂ “ಅವತ್ತ ಬೇಲಿ ಹಾಕಿದ್ದಕ್ಕ ಊರು ಉಳೀತು” ಎನ್ನುವ ಮಾತು ಬರುತ್ತದೆ.

ಮೊದಲನೆಯದಾಗಿ, ನೀವು ಬೇಲಿ ಹಾಕುವ ಹೊತ್ತಿಗೆ ಬೇನೆ ಹೊರಗೇ ಇದೆ ಎಂಬ ಭರವಸೆ ಇಲ್ಲ. ಕೊರೊನಾ ತಗುಲಿದವರಲ್ಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಕೆಲವರಲ್ಲಿ 14 ದಿನ ಹಿಡಿಯುತ್ತಿತ್ತು. ಲಕ್ಷಣವೇ ಇಲ್ಲದವರಿಂದಲೂ ಹರಡುತ್ತಿತ್ತು. ಹಬ್ಬಕ್ಕೆಂದು ಮೊದಲೇ ಊರಿಗೆ ಬಂದವರು ಬೇಲಿಯ ಒಳಗೇ ಇದ್ದರು.

ಎರಡನೆಯದು ಇನ್ನೂ ಮುಖ್ಯ. ನಮ್ಮ ಊರುಗಳಿಗೆ ಇರುವುದು ಒಂದೇ ದಾರಿಯಲ್ಲ. ಡಾಂಬರು ರಸ್ತೆ ಮುಚ್ಚಿದರೆ ಕಾಲುವೆಯ ದಂಡೆ ಇದೆ, ಕಬ್ಬಿನ ಪಡದ ನಡುವೆ ಬಂಡಿದಾರಿ ಇದೆ. ಗೋವಾ, ಮಂಗಳೂರು, ಪುಣೆ, ಇಚಲಕರಂಜಿಯಲ್ಲಿ ದುಡಿಯುತ್ತಿದ್ದವನು ಕೆಲಸ ನಿಂತು, ಕೈಯಲ್ಲಿದ್ದ ಕಾಸು ಕರಗಿದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮತ್ತೆಲ್ಲಿಗೆ ಹೋಗಬೇಕು? ಅವನು ಬಂದೇ ಬರುತ್ತಾನೆ. ಅಗಸಿಯಲ್ಲಿ ಬಡಿಗೆ ಹಿಡಿದು ನಿಂತವರನ್ನು ಕಂಡರೆ ರಾತ್ರಿ ಹೊಲದ ದಾರಿಯಿಂದ ಬಂದು ಮನೆಯೊಳಗೆ ಸೇರುತ್ತಾನೆ. ತಾಯಿ ಬಾಗಿಲು ಹಾಕಿಕೊಂಡು ಮಗನನ್ನು ಬಚ್ಚಿಡುತ್ತಾಳೆ. ನಾಲ್ಕು ದಿನಕ್ಕೆ ಕೆಮ್ಮು ಶುರುವಾದರೂ ಆಶಾ ಕಾರ್ಯಕರ್ತೆಗೆ ಹೇಳುವುದಿಲ್ಲ. ಬೇಲಿಯಿಂದ ಬರುವವರ ಸಂಖ್ಯೆಯೇನೂ ಕಡಿಮೆಯಾಗಲಿಲ್ಲ. ಯಾರು ಬಂದರು ಎಂಬ ಲೆಕ್ಕ ತಪ್ಪಿತು. ಸಾಂಕ್ರಾಮಿಕದ ಮೊದಲ ದಿನಗಳಲ್ಲಿ ಊರಿನ ಕೈಯಲ್ಲಿರುವ ಆಯುಧವೆಂದರೆ ಆ ಲೆಕ್ಕವೊಂದೇ. ಆಗ ಮದ್ದಿಲ್ಲ, ಲಸಿಕೆಯಿಲ್ಲ, ಪರೀಕ್ಷೆಯ ವರದಿ ಬರಲು ದಿನಗಟ್ಟಲೆ ಕಾಯಬೇಕು.

ಮೂರನೆಯದಾಗಿ, ಬೇರೆ ಬೇನೆಗಳು ರಜೆ ತೆಗೆದುಕೊಳ್ಳುವುದಿಲ್ಲ. ಹೆರಿಗೆ ನೋವು ನಡುರಾತ್ರಿ ಬರುತ್ತದೆ. ಕಬ್ಬಿನಲ್ಲಿ ನೀರು ಹಾಯಿಸುವವನಿಗೆ ಹಾವು ಕಚ್ಚುತ್ತದೆ. 108 ಆಂಬುಲೆನ್ಸ್ ಬಂದು ಅಗೆದ ರಸ್ತೆಯ ಆಚೆ ನಿಂತರೆ ರೋಗಿಯನ್ನು ಹೊರಸಿನ ಮೇಲೆ ಹೊತ್ತು ಸಾಗಿಸಬೇಕು. ಹಾವು ಕಚ್ಚಿದವನಿಗೆ ಅಷ್ಟು ವ್ಯವಧಾನ ಇರುವುದಿಲ್ಲ.

“ಪ್ಲೇಗಿನ ಕಾಲಕ್ಕ ನಮ್ಮ ಹಿರ್ಯಾರು ಊರ ಬಿಟ್ಟು ಹೊಲದಾಗ ಗುಡಿಸಲ ಹಾಕಿದ್ರಲ್ಲ” ಎಂದು ಕೇಳುವವರಿದ್ದಾರೆ. ಹೌದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದೆ ಹುಬ್ಬಳ್ಳಿ, ಧಾರವಾಡದ ಕಡೆಗೂ ಹಬ್ಬಿದಾಗ ಜನ ಮನೆ ಬಿಟ್ಟು ಬಯಲಿಗೆ ನಡೆದರು. ಅದು ಸರಿಯಾದ ನಡೆಯೇ ಆಗಿತ್ತು, ಏಕೆಂದರೆ ಆ ಬೇನೆ ಇದ್ದುದು ಮನೆಯ ಇಲಿಗಳಲ್ಲಿ, ಅವುಗಳ ಚಿಗಟಗಳಲ್ಲಿ. ಹಿರಿಯರು ಚದುರಿದರು, ಗಾಳಿಯಾಡುವ ಬಯಲಿಗೆ ಹೋದರು. ಅನುಸರಿಸುವುದಾದರೆ ಅದನ್ನು ಅನುಸರಿಸಿ. ಅವರು ಯಾರ ದಾರಿಗೂ ಮುಳ್ಳು ಎಳೆದು ಕೂಡಲಿಲ್ಲ.

ವಹಿ ಇಡುವ ಬಗೆ

ಅಗಸಿಯಲ್ಲಿ ನೆರಳಿಗೊಂದು ತಾಡಪತ್ರಿ, ಮೇಜು, ನೀರಿನ ಡ್ರಮ್ಮು, ಸೋಪು, ಒಂದು ದಪ್ಪ ವಹಿ. ಬಂದವರ ಹೆಸರು, ಫೋನ್ ನಂಬರು, ಯಾವ ಊರಿನಿಂದ, ಯಾವ ತಾರೀಖಿಗೆ ಹೊರಟರು, ಯಾವ ಗಾಡಿಯಲ್ಲಿ, ಜೊತೆಗೆ ಯಾರು, ಜ್ವರ ಕೆಮ್ಮು ಇದೆಯೇ. ಬರೆಯುವವರು ಒಬ್ಬರೇ ಇರಲಿ, ಪೆನ್ನು ಕೈಯಿಂದ ಕೈಗೆ ಹೋಗಬಾರದು. ಸಂಜೆ ವಹಿಯ ಫೋಟೊ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮಾತ್ರ. ಊರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮರುದಿನದಿಂದ ಯಾರೂ ಹೆಸರು ಬರೆಸುವುದಿಲ್ಲ.

ಬಂದವರು ಎಲ್ಲಿ ಇರಬೇಕು? ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ: ತೋಟದ ಮನೆ. ಹೊಲದಲ್ಲಿ ಮನೆ, ಬೋರ್‌ವೆಲ್ ನೀರು, ಶೌಚಾಲಯ ಇದ್ದವರು ಅಲ್ಲಿಯೇ ಇರಲಿ. ಮನೆಯ ಮುದುಕರು ಮಾತ್ರ ಅಷ್ಟು ದಿನ ಊರೊಳಗೆ ಬಂದಿರಲಿ. ಎಷ್ಟು ದಿನ ಎಂಬುದನ್ನು ಆರೋಗ್ಯ ಇಲಾಖೆ ಹೇಳುತ್ತದೆ. ಕೊರೊನಾಕ್ಕೆ 14 ದಿನ ಇತ್ತು, ಮುಂದಿನ ಬೇನೆಗೆ ಬೇರೆ ಇರಬಹುದು. ತೋಟವಿಲ್ಲದವರಿಗೆ ಸಾಲಿ. ಸಾಲಿಯ ಬೀಗ ತೆಗೆಯುವ ಮೊದಲು ಸಂಡಾಸದ ಬಾಗಿಲು ತೆಗೆದು ನೋಡಿ. ನೀರು ಬರದ, ಚಿಲಕವಿಲ್ಲದ ಸಂಡಾಸ ಇರುವ ಸಾಲಿಯಲ್ಲಿ ಹೆಣ್ಣುಮಕ್ಕಳನ್ನು ಇಟ್ಟು, ಅವರು ನಸುಕಿನಲ್ಲಿ ಹೊರಗೆ ಬಂದರೆಂದು ಬೈಯುವುದು ಅನ್ಯಾಯ. ಒಂದು ಕುಟುಂಬಕ್ಕೆ ಒಂದು ಕೋಣೆ, ಕಿಟಕಿ ತೆರೆದಿರಲಿ, ಸೊಳ್ಳೆಪರದೆ, ದೀಪ, ಫೋನ್ ಚಾರ್ಜಿಗೆ ಪ್ಲಗ್. ಊಟವನ್ನು ಮನೆಯವರೇ ತಂದು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಲಿ. ಕಟಕರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ದಿನಾ ಓಡಾಡುವ ತಾಪತ್ರಯವೂ ಕಡಿಮೆ. ಆಶಾ ಕಾರ್ಯಕರ್ತೆ ದಿನಕ್ಕೊಮ್ಮೆ ಬಾಗಿಲಾಚೆಯಿಂದಲೇ ವಿಚಾರಿಸಲಿ. ಆಕೆಯ ಜೊತೆ ಊರಿನ ಇನ್ನೊಬ್ಬರು ಹೋಗಲೇಬೇಕು. ಮನೆಮನೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ 2020ರಲ್ಲಿ ರಾಜ್ಯದಲ್ಲಿ ಹಲ್ಲೆಗಳಾಗಿವೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. 2020ರ ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಗೆ ಮೀನು ಹಿಡಿಯಲು ಬಂದ ಮುಸ್ಲಿಂ ಮೀನುಗಾರರನ್ನು, ಬೇನೆ ಹರಡುವವರು ನೀವೇ ಎಂದು ಬೆದರಿಸಿ ಅಟ್ಟಿದರು. ಹೊಳೆಯ ನೀರನ್ನೇ ನಂಬಿದ ಬಡವರು ಅವರು. ಬೇನೆಗೆ ಜಾತಿ ಧರ್ಮ ಹಚ್ಚಿದ ಊರಿನಲ್ಲಿ ಆ ಜನ ಜ್ವರ ಬಂದರೂ ಬಾಯಿ ಬಿಡುವುದಿಲ್ಲ. ಇಂಥ ಮಾತು ಕಟ್ಟೆಯ ಮೇಲೆ ಎದ್ದಾಗ ಕಾರ್ಯಪಡೆಯ ಹಿರಿಯರು ಅಲ್ಲಿಯೇ, ಎಲ್ಲರೆದುರಿಗೆ ತಡೆಯಬೇಕು.

ಗುಳಿಗೆಯ ಪಟ್ಟಿ

ಎರಡನೆಯ ದಿನದೊಳಗೆ ಓಣಿಗೊಬ್ಬರು ಕುಳಿತು ಬರೆಯಿರಿ: ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್, ಹೃದಯದ ಗುಳಿಗೆ ನುಂಗುವವರು, ಡಯಾಲಿಸಿಸ್‌ಗೆ ಹೋಗುವವರು, ದಿನ ತುಂಬಿದ ಗರ್ಭಿಣಿಯರು, ಲಸಿಕೆಯ ಕೂಸುಗಳು. ಒಂದು ತಿಂಗಳ ಗುಳಿಗೆ ಮೊದಲೇ ಬರಲಿ. ಟಿಬಿ ಮತ್ತು ಎಚ್‌ಐವಿಯ ಎಆರ್‌ಟಿ ಗುಳಿಗೆ ಒಂದು ದಿನವೂ ತಪ್ಪಬಾರದು. ಆದರೆ ಆ ಹೆಸರುಗಳು ಪಟ್ಟಿಗೆ ಬರಬಾರದು. ಅದನ್ನು ಆರೋಗ್ಯ ಕೇಂದ್ರದ ಸಿಬ್ಬಂದಿ ಗುಟ್ಟಾಗಿ ತಲುಪಿಸಲಿ.

ಅಂಗಡಿ, ಬ್ಯಾಂಕು, ಸಂತೆ

ಅಂಗಡಿಯ ಮುಂದೆ ಸುಣ್ಣದಿಂದ ಚೌಕ ಹಾಕುತ್ತೀರಿ, ಒಳ್ಳೆಯದು. ಬೇಸಗೆಯಲ್ಲಿ ಆ ಚೌಕದ ಮೇಲೆ ನೆರಳಿಲ್ಲದಿದ್ದರೆ ಜನ ಗೋಡೆಯ ನೆರಳಿಗೆ ಬಂದು ಒತ್ತಾಗಿ ನಿಲ್ಲುತ್ತಾರೆ. ಮೊದಲು ತಾಡಪತ್ರಿ, ಆಮೇಲೆ ಸುಣ್ಣ. 2020ರ ಏಪ್ರಿಲ್‌ನಲ್ಲಿ ಜನಧನ ಖಾತೆಯ ಹೆಣ್ಣುಮಕ್ಕಳಿಗೆ 500 ರೂಪಾಯಿ ಬಂದಾಗ ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು. ಬೇಗ ತೆಗೆಯದಿದ್ದರೆ ಸರಕಾರ ವಾಪಸ್ ತೆಗೆದುಕೊಳ್ಳುತ್ತದೆ ಎಂಬ ವದಂತಿ ಹಬ್ಬಿ ಎಷ್ಟೋ ಕಡೆ ಬ್ಯಾಂಕಿನ ಮುಂದೆ ಗದ್ದಲವಾಯಿತು. ಇಂಥದ್ದನ್ನು ಹಿಂದಿನ ದಿನವೇ ಡಂಗುರ ಹೊಡೆಸಿ ತಿಳಿಸಬೇಕು. ಅಂಚೆಯವರು ಆಧಾರ್ ಹೆಬ್ಬೆಟ್ಟಿನ ಯಂತ್ರದಿಂದ ಮನೆ ಬಾಗಿಲಲ್ಲೇ ದುಡ್ಡು ಕೊಡುತ್ತಾರೆ, ಅವರನ್ನು ಓಣಿಗೆ ಕರೆಸಿ. ಸಂತೆಯನ್ನು ನಿಲ್ಲಿಸಬೇಡಿ, ಸಾಲಿಯ ಮೈದಾನಕ್ಕೆ ಸರಿಸಿ. ಕಾಯಿಪಲ್ಲೆ ಬೆಳೆದವನೂ ಬದುಕಬೇಕು.

ವದಂತಿಯ ಬೆಲೆ ಎಷ್ಟೆಂದು ಪಕ್ಕದ ಗೋಕಾಕ ತಾಲೂಕು ನೋಡಿದೆ. ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳಿನಿಂದ ದರ ನೆಲಕಚ್ಚಿ, 2020ರ ಮಾರ್ಚ್‌ನಲ್ಲಿ ಲೋಳಸೂರಿನ ರೈತರೊಬ್ಬರು ಸುಮಾರು 6000 ಕೋಳಿಗಳನ್ನು ಜೀವಂತ ಹೂಳಿದರು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಮುಂದೆ ಕಳಿಸುವ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಔಷಧ ಸಿಂಪಡಣೆಗೆ ದುಡ್ಡು ಸುರಿಯಬೇಡಿ. ಓಣಿಯ ಮಣ್ಣಿಗೆ ಹೊಡೆದ ಔಷಧದಿಂದ ಉಸಿರಿನ ಬೇನೆ ನಿಲ್ಲುವುದಿಲ್ಲ. ಮನುಷ್ಯರ ಮೈಮೇಲೆ ಹೊಡೆಯುವುದು ಅಪಾಯ, ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿಯೇ ಬೇಡವೆಂದು ತಿಳಿಸಿತ್ತು. ಸಾಲಿಯ ಸಂಡಾಸ, ನೆಲ ತೊಳೆಯಲು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪುಡಿ ಸಾಕು. ಅದರ ಜೊತೆ ಆ್ಯಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಉಳಿದದ್ದು

ಜಾಗ ಕಡಿಮೆ, ಆದ್ದರಿಂದ ಚುಟುಕಾಗಿ. ಮಗ್ಗಗಳು ನಿಂತರೆ ರಬಕವಿ-ಬನಹಟ್ಟಿ, ಮಹಾಲಿಂಗಪುರದ ನೇಕಾರರಿಗೆ ವಾರದ ಕೂಲಿ ಅಲ್ಲಿಗೇ ನಿಲ್ಲುತ್ತದೆ. ಮಾಲಕರ ಜೊತೆ ಮುಂಗಡದ ಮಾತು ಮೊದಲ ವಾರವೇ ಆಗಲಿ. 2020ರಲ್ಲಿ ನೇಕಾರ ಸಮ್ಮಾನ್ ಯೋಜನೆಯಡಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2000 ರೂಪಾಯಿ ಘೋಷಣೆಯಾದಾಗ ಹೆಸರು ನೋಂದಣಿ ಇದ್ದವರಿಗೆ ಕೆಲಸ ಸುಲಭವಾಯಿತು, ಆದ್ದರಿಂದ ನೋಂದಣಿಯನ್ನು ಬೇನೆ ಇಲ್ಲದ ಕಾಲದಲ್ಲಿಯೇ ಮಾಡಿಸಿ. ಆಹಾರದ ಕಿಟ್ ಮನೆ ಬಾಗಿಲಿಗೆ ಹೋಗಲಿ, ಫೋಟೊ ಬೇಡ. ಮದುವೆ ಮುಂದಕ್ಕೆ ಹೋಗಲಿ. ಸಾವಾದರೆ ಹತ್ತಿರದವರಷ್ಟೇ ಮಣ್ಣಿಗೆ ಬರಲಿ, ಆದರೆ ಯಾರ ಹೆಣಕ್ಕೂ ಊರ ಸ್ಮಶಾನದಲ್ಲಿ ಜಾಗವಿಲ್ಲವೆನ್ನಬೇಡಿ. ಪಂಚಾಯಿತಿ ಗೋಡೆಯ ಮೇಲೆ 108, 104, ಆಶಾ ಕಾರ್ಯಕರ್ತೆಯ ನಂಬರು ಮತ್ತು ರಾತ್ರಿ ಗಾಡಿ ಕೊಡಲು ಒಪ್ಪಿದ ಇಬ್ಬರ ನಂಬರುಗಳನ್ನು ಬಣ್ಣದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ.