ಮೂಸಿ ನದಿಯ ಲೆಕ್ಕ

ಕಳೆದ ವರ್ಷಗಳ ಲೆಕ್ಕ ನೋಡಿ ಮುಂದಿನದನ್ನು ಅಂದಾಜು ಮಾಡುವುದು ಗುಮಾಸ್ತರಿಗೆ ಹೊಸ ವಿದ್ಯೆಯಲ್ಲ. ಹೋದ ಮೂರು ಬೇಸಗೆಯ ಖರ್ಚನ್ನು ನೋಡಿ ನಾಲ್ಕನೆಯದಕ್ಕೆ ಹಣ ತೆಗೆದಿಡುವುದು ನಮಗೆಲ್ಲ ರೂಢಿಯೇ. ಆದರೆ ಅಂದಾಜು ತಪ್ಪಿದರೆ ಊರೇ ಮುಳುಗುವಂಥ ಕೆಲಸದಲ್ಲಿ ಈ ಲೆಕ್ಕವನ್ನು ಹೇಗೆ ಹಾಕುತ್ತಾರೆ, ಹಾಕಿದ ಮೇಲೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ತಾರ್ನಾಕದಿಂದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದಲ್ಲಿ ಹರಿಯುವ ಮೂಸಿಯಿಂದಲೇ ಇದನ್ನು ಕಲಿಯಬಹುದು.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದಿನೊಳಗೆ ನುಗ್ಗಿತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಅಫ್ಜಲ್‌ಗಂಜ್ ಕಡೆ ಒಂದು ಹುಣಿಸೆಮರವನ್ನು ಹತ್ತಿ ಸುಮಾರು 150 ಮಂದಿ ಬದುಕಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮರುವರ್ಷ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ಆಗತಾನೆ ಮುಂಬಯಿ ಸರ್ಕಾರದ ಕೆಲಸ ಬಿಟ್ಟಿದ್ದ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು.

ಅವರು ಮೊದಲು ವಿಚಾರಿಸಿದ್ದು ಮಳೆ ಎಷ್ಟು ಬಿತ್ತೆಂಬುದನ್ನು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ ಸುಮಾರು 13 ಅಂಗುಲ ಬಿದ್ದಿತ್ತು. ಆದರೆ ಮಳೆಯೊಂದನ್ನೇ ದೂರಿ ಅವರು ಸುಮ್ಮನಾಗಲಿಲ್ಲ. ನದಿಗೆ ನೀರು ಬರುವ ಸುಮಾರು 860 ಚದರ ಮೈಲಿ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಒಡೆದಿದ್ದವು. ಹಳ್ಳಿಯಿಂದ ಬಂದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಯೊಂದು ಕೆರೆಯ ಕೋಡಿಯನ್ನೂ ತನ್ನ ಪಾಲಿನ ಮಳೆಯ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಮೇಲಿನ ಕೆರೆ ಒಡೆದು ಅದರ ನೀರೆಲ್ಲ ಒಮ್ಮೆಗೇ ಬಂದರೆ ಕೋಡಿ ಸಾಲದು, ಏರಿ ಕೊಚ್ಚಿಹೋಗುತ್ತದೆ. ಅದರ ಕೆಳಗಿನ ಕೆರೆಗೆ ಎರಡು ಕೆರೆಗಳ ನೀರು ಬಂದು ಬೀಳುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಭದ್ರವಾಗಿರುವುದು ಸಾಲಾಗಿ ನೋಡಿದರೆ ಭದ್ರವಲ್ಲ. ಇಂದು ವಿದ್ಯುತ್ ಜಾಲವನ್ನೂ ಕಂಪ್ಯೂಟರ್ ಜಾಲವನ್ನೂ ಪರೀಕ್ಷಿಸುವವರು ಮೊದಲು ಹುಡುಕುವುದು ಈ ಬಗೆಯ ಸಾಲುಕುಸಿತವನ್ನೇ.

ಪ್ರವಾಹದ ಗರಿಷ್ಠ ಹರಿವನ್ನು ಸೆಕೆಂಡಿಗೆ 4,25,000 ಘನ ಅಡಿಯೆಂದು ಗಣಿಸಿದರು. ಊರೊಳಗೆ ಅಷ್ಟು ನೀರಿಗೆ ದಾರಿ ಮಾಡಿಕೊಡುವುದು ಆಗದ ಮಾತು; ಮೇಲೆಯೇ ತಡೆದು ನಿಧಾನವಾಗಿ ಬಿಡಬೇಕೆಂಬುದು ಅವರ ಸಲಹೆ. ಅದರಂತೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿಯೂ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿಯೂ ಆದವು. ಊರಿಗೆ ಕುಡಿಯುವ ನೀರೂ ದೊರೆಯಿತು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸಬೇಕು. “ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ” ಎಂದರೆ, ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವವಿದೆ ಎಂದಷ್ಟೇ ಅರ್ಥ. ಹಾಗಾದರೆ ಈ ಊರಲ್ಲಿ 30 ವರ್ಷ ನೌಕರಿ ಮಾಡುವವನು ಅಂಥದೊಂದನ್ನು ಕಾಣುವ ಸಂಭವವೆಷ್ಟು? ನೂರಕ್ಕೆ 26, ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು. ಇದೂ ನೆಲ ಮತ್ತು ಮಳೆ ಮೊದಲಿನಂತೆಯೇ ಇದ್ದರೆ ಮಾತ್ರ. ಹೊಲವಿದ್ದಲ್ಲಿ ಸಿಮೆಂಟು ಬಂದರೆ ಇಂಗುವ ನೀರು ಕಡಿಮೆಯಾಗಿ ಓಡುವ ನೀರು ಹೆಚ್ಚುತ್ತದೆ. ಹಳೆಯ ಅಂಕಿಗಳು ಸುಳ್ಳಾಗದಿದ್ದರೂ ಬೇರೊಂದು ಊರಿನ ಅಂಕಿಗಳಂತಾಗುತ್ತವೆ. 1996ರಲ್ಲಿ 111ನೆಯ ಸರ್ಕಾರಿ ಆಜ್ಞೆ ಎರಡೂ ಜಲಾಶಯಗಳ ಸುತ್ತ ಕಟ್ಟಡಗಳಿಗೆ ಕಡಿವಾಣ ಹಾಕಿತು. 2022ರಲ್ಲಿ ಆ ನಿರ್ಬಂಧಗಳನ್ನು ತೆಗೆಯಲು ಇನ್ನೊಂದು ಆಜ್ಞೆ ಹೊರಟಿತು. ನನಗೇನೋ ಮೊದಲನೆಯದೇ ವಿವೇಕದ್ದೆನಿಸುತ್ತದೆ.

ಲೆಕ್ಕ ಸರಿಯಿದ್ದರೂ ಕಬ್ಬಿಣ ಸವೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ರಾಯಚೂರು, ಕೊಪ್ಪಳದ ಕಡೆಯವರಿಗೆ ನೆನಪಿರಬೇಕು. ಆ ದಿನ ಪ್ರವಾಹವೇನೂ ಅಂದಾಜನ್ನು ಮೀರಿರಲಿಲ್ಲ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಜಲಾಶಯಗಳ ಗೇಟು ತೆರೆದಾಗ ಇಮ್ಲಿಬನ್ನಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ನೀರು ನುಗ್ಗಿತು. ನಮ್ಮವರು ಊರಿಗೆ ಬಸ್ಸು ಹಿಡಿಯುವ ಜಾಗ ಅದು. ಮಳೆಗಾಲದಲ್ಲಿ ಹೊರಡುವವರು ಗೇಟು ತೆರೆದಿದ್ದಾರೆಯೇ, ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಚಾದರ್‌ಘಾಟ್, ಅಂಬರ್‌ಪೇಟೆಯ ಕಡೆ ನದಿಯ ಸಮೀಪ ಕೋಣೆ ಹಿಡಿಯುವವರು ಬಾಡಿಗೆ ಕೇಳುವುದರ ಜೊತೆಗೆ ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಯವರನ್ನೂ ಕೇಳುವುದು ಒಳ್ಳೆಯದು.