ಕೆರೆಯ ಉಸಿರು

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳ ಕೊನೆಯ ಒಂದು ಮುಂಜಾವು. ಹಿಂದಿನ ಸಂಜೆ ಗುಡುಗಿನೊಡನೆ ಬೇಸಗೆಯ ಮೊದಲ ಮಳೆ ಬಿದ್ದು ಗಾಳಿ ತಂಪಾಗಿತ್ತು. ಬೆಂಗಳೂರಿನಲ್ಲಿ ನಾನು ವಾಸಿಸುವ ಬಡಾವಣೆಯ ಪಕ್ಕದಲ್ಲಿ ಒಂದು ಸಾಧಾರಣವಾದ ಕೆರೆಯಿದೆ. ಅದರ ಏರಿಯ ಮೇಲೆ ನಡೆಯುತ್ತಿದ್ದಾಗ ನೀರಿನ ಮೇಲ್ಮೈಯಲ್ಲಿ ವಿಚಿತ್ರವಾದ ನೋಟವೊಂದು ಕಾಣಿಸಿತು. ನೂರಾರು ಮೀನುಗಳು ತಲೆಯೆತ್ತಿ, ಬಾಯಿ ತೆರೆದು, ನೀರಿನ ಮೇಲ್ಪದರವನ್ನು ಹೀರುತ್ತಿದ್ದುವು. ವಾಯುಸಂಚಾರಕ್ಕೆ ಬಂದಿದ್ದ ಹಿರಿಯರೊಬ್ಬರು, ‘ಯಾರೋ ಕೆರೆಗೆ ವಿಷ ಹಾಕಿದ್ದಾರೆ’ ಎಂದರು. ಬಲೆ ಬಿಡಿಸುತ್ತ ಕುಳಿತಿದ್ದ ಮುದುಕನೊಬ್ಬ ಮಾತ್ರ ತಲೆಯಲ್ಲಾಡಿಸಿ, ‘ವಿಷ ಅಲ್ಲ ಸ್ವಾಮಿ, ನೀರಿಗೆ ಉಸಿರು ಕಟ್ಟಿದೆ’ ಎಂದನು. ಬಿಸಿಲೇರುವ ಹೊತ್ತಿಗೆ ದಡದುದ್ದಕ್ಕೂ ಸತ್ತ ಮೀನುಗಳು ಬಂದು ಬಿದ್ದಿದ್ದುವು.

ನೀರಿಗೆ ಉಸಿರೆಂಬುದುಂಟೆ? ಆ ಮುದುಕನು ಭೌತಶಾಸ್ತ್ರವನ್ನು ಓದಿದವನಲ್ಲ. ಆದರೆ ಅವನ ಮಾತಿನಲ್ಲಿ ಅಡಗಿದ್ದ ಶಾಸ್ತ್ರವನ್ನು ಬಿಡಿಸಿ ನೋಡಿದರೆ, ಕೆರೆಯ ದಡದಲ್ಲಿ ವಾಸಿಸುವವರು ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಿದರೂ ಆದೀತು ಎಂಬುದು ತಾನಾಗಿ ಗೊತ್ತಾಗುತ್ತದೆ.

ನಾವು ಉಸಿರಾಡುವ ಗಾಳಿಯ ಒಂದು ಲೀಟರಿನಲ್ಲಿ, ಬೆಂಗಳೂರಿನಷ್ಟು ಎತ್ತರದ ಸ್ಥಳದಲ್ಲಿ, ಸುಮಾರು 250 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಅದೇ ಸ್ಥಳದಲ್ಲಿ, 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಗಾಳಿಯೊಡನೆ ಚೆನ್ನಾಗಿ ಬೆರೆತ ಒಂದು ಲೀಟರು ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಎಂದರೆ ಮೀನಿನ ಪಾಲಿಗೆ ಬಂದಿರುವುದು ನಮ್ಮ ಪಾಲಿನ ಮೂವತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ. ನೀರು ಬಿಸಿಯಾದಷ್ಟೂ ಈ ಅಲ್ಪ ಪಾಲು ಇನ್ನಷ್ಟು ಕುಗ್ಗುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯ ನೀರು ಕುದಿಯುವುದಕ್ಕೆ ಬಹಳ ಮೊದಲೇ ಅದರ ಗೋಡೆಗಳಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಳ್ಳುವುದನ್ನು ವಾಚಕರು ನೋಡಿಯೇ ಇರುತ್ತಾರೆ; ಅವು ಬಿಸಿಯನ್ನು ತಾಳಲಾರದೆ ನೀರನ್ನು ಬಿಟ್ಟು ಹೊರಡುವ ಗಾಳಿಯ ಗುಳ್ಳೆಗಳು. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಕ್ಕೆ ಇಳಿದರೆ ಬಹುಪಾಲು ಮೀನುಗಳಿಗೆ ಉಸಿರಾಟವೇ ಕಷ್ಟವಾಗುತ್ತದೆ. ಆಗ ಅವುಗಳಿಗೆ ಉಳಿಯುವ ಆಶ್ರಯವೆಂದರೆ ಗಾಳಿಯನ್ನು ಮುಟ್ಟಿಕೊಂಡಿರುವ ಮೇಲಿನ ತೆಳು ಪದರವೊಂದೇ. ಆ ಮುಂಜಾನೆ ನಾವು ಕಂಡುದು ಇದನ್ನೇ.

ಹಾಗಾದರೆ ಮೇಲಿನಿಂದ ಆಮ್ಲಜನಕವು ಇಳಿದು ಬರಬಾರದೆ? ಬರುತ್ತದೆ, ಆದರೆ ಎಷ್ಟು ನಿಧಾನವಾಗಿ! ಸ್ವಲ್ಪವೂ ಅಲುಗಾಡದ ನೀರಿನಲ್ಲಿ ಆಮ್ಲಜನಕದ ಅಣುಗಳು ನೀರಿನ ಅಣುಗಳಿಗೆ ಡಿಕ್ಕಿ ಹೊಡೆಯುತ್ತ, ಅತ್ತಿತ್ತ ಅಲೆಯುತ್ತ, ಕೇವಲ ವಿಸರಣದಿಂದ ಒಂದು ಮೀಟರು ಆಳವನ್ನು ತಲಪಬೇಕಾದರೆ ಏಳೆಂಟು ವರ್ಷಗಳು ಹಿಡಿಯುತ್ತವೆ. ಕಾಲೇಜು ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಮಾಡಿ ನೋಡಬಹುದು: ದೂರದ ವರ್ಗವನ್ನು ವಿಸರಣಾಂಕದ ಎರಡರಷ್ಟರಿಂದ ಭಾಗಿಸಿದರೆ ಕಾಲ ದೊರೆಯುತ್ತದೆ, ನೀರಿನಲ್ಲಿ ಆಮ್ಲಜನಕದ ವಿಸರಣಾಂಕವು ಸೆಕೆಂಡಿಗೆ ಒಂದು ಚದರ ಮೀಟರಿನ ಐವತ್ತು ಕೋಟಿಯಲ್ಲೊಂದು ಪಾಲು. ಆದುದರಿಂದ ಕೆರೆಯನ್ನು ಬದುಕಿಸಿರುವುದು ವಿಸರಣವಲ್ಲ, ಕಲಕಾಟ. ಗಾಳಿ ಬೀಸಿ ಅಲೆಯೆದ್ದಾಗ ಮೇಲಿನ ನೀರು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಹೋಗುತ್ತದೆ.

ಬೇಸಗೆಯ ಹಗಲಿನಲ್ಲಿ ಈ ಕಲಕಾಟಕ್ಕೂ ಅಡ್ಡಿಯುಂಟು. ಬಿಸಿಲಿಗೆ ಕಾದ ಮೇಲಿನ ನೀರು ಹಗುರ. ಕೆಳಗಿನ ತಣ್ಣೀರು ಭಾರ. 25 ಡಿಗ್ರಿಯ ನೀರಿಗಿಂತ 30 ಡಿಗ್ರಿಯ ನೀರು ಲೀಟರಿಗೆ ಒಂದೂವರೆ ಗ್ರಾಮಿನಷ್ಟು ಮಾತ್ರ ಹಗುರವಾಗಿರುತ್ತದೆ. ವ್ಯತ್ಯಾಸ ಅಲ್ಪವೆಂದು ತೋರಿದರೂ, ಗಾಳಿಯಿಲ್ಲದ ಮಧ್ಯಾಹ್ನದಲ್ಲಿ ಬಿಸಿನೀರು ತಣ್ಣೀರಿನ ಮೇಲೆ ಹೊದಿಕೆಯಂತೆ ಬೆರೆಯದೆ ನಿಲ್ಲಲು ಅಷ್ಟು ಸಾಕು. ಆ ಹೊದಿಕೆಯ ಕೆಳಗೆ ತಳದ ಕೆಸರು ಕೊಳೆಯುತ್ತ ತನಗೆ ದೊರೆತ ಆಮ್ಲಜನಕವನ್ನೆಲ್ಲ ತಿಂದು ಮುಗಿಸುತ್ತದೆ. ಸಾಮಾನ್ಯವಾಗಿ ಪ್ರತಿ ರಾತ್ರಿಯೂ ಮೇಲಿನ ನೀರು ತಣಿದು ಕೆಳಗಿಳಿದು ಸ್ವಲ್ಪಸ್ವಲ್ಪವಾಗಿ ಎರಡೂ ಬೆರೆಯುತ್ತವೆ. ಆದರೆ ಹಲವು ದಿನಗಳ ಕಡುಬಿಸಿಲಿನ ಅನಂತರ ಒಮ್ಮೆಗೇ ಗಾಳಿಮಳೆ ಬಂದು ಮೇಲಿನ ನೀರು ತಣಿದಿತೆಂದರೆ, ಉಸಿರಿಲ್ಲದ ತಳದ ನೀರೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತದೆ. ಮೊದಲ ಮಳೆ ಕಾಲುವೆಗಳಲ್ಲಿ ತಿಂಗಳುಗಟ್ಟಲೆ ಕೂಡಿದ್ದ ಕೊಳೆಯನ್ನೂ ತೊಳೆದು ತರುವುದರಿಂದ ಕೆರೆಗೆ ಎರಡು ಕಡೆಯಿಂದಲೂ ಪೆಟ್ಟು.

ಇನ್ನು ಹಸಿರು ಪಾಚಿಯ ವಿಚಾರ. ಹಗಲಿನಲ್ಲಿ ಪಾಚಿಯು ಬೆಳಕನ್ನು ಹೀರಿ ಆಮ್ಲಜನಕವನ್ನು ಹೊರಬಿಡುತ್ತದೆಯಾದ್ದರಿಂದ ಅದು ಕೆರೆಗೆ ಉಪಕಾರಿಯೆಂದು ತೋರಬಹುದು. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ನಮ್ಮಂತೆಯೇ ಆಮ್ಲಜನಕವನ್ನು ಸೇವಿಸುತ್ತದೆ. ಹಗಲು ಕೊಟ್ಟ ಸಾಲವನ್ನು ರಾತ್ರಿ ಬಡ್ಡಿ ಸಹಿತ ವಸೂಲು ಮಾಡುವ ಸಾಹುಕಾರನಂತೆ ಅದರ ನಡತೆ. ಆದ್ದರಿಂದಲೇ ಕೆರೆಯ ಆಮ್ಲಜನಕವು ದಿನದಲ್ಲೆಲ್ಲ ಅತ್ಯಂತ ಕಡಮೆಯಾಗಿರುವ ಸಮಯವೆಂದರೆ ಸೂರ್ಯೋದಯಕ್ಕೆ ತುಸು ಮುಂಚೆ. ಮಧ್ಯಾಹ್ನ ಮೂರು ಗಂಟೆಗೆ ಬಂದು ನೀರನ್ನು ಪರೀಕ್ಷಿಸಿ ‘ಎಲ್ಲ ಸರಿಯಾಗಿದೆ’ ಎಂದು ಬರೆದುಕೊಂಡು ಹೋಗುವವರ ವರದಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆದಾಯ ಇಷ್ಟಾಯಿತು, ವೆಚ್ಚವೆಷ್ಟು? ಮನೆಗಳ ಕೊಳಚೆನೀರಿನಲ್ಲಿರುವ ಸೇಂದ್ರಿಯ ಪದಾರ್ಥವನ್ನು ಏಕಾಣುಜೀವಿಗಳು ತಿಂದು ಅರಗಿಸುವಾಗ ಆಮ್ಲಜನಕ ಬೇಕಾಗುತ್ತದೆ. ಸಾಮಾನ್ಯ ಕೊಳಚೆನೀರಿನ ಒಂದು ಲೀಟರು ಹೀಗೆ ಐದು ದಿನಗಳಲ್ಲಿ ಬೇಡುವ ಆಮ್ಲಜನಕ 200ರಿಂದ 300 ಮಿಲಿಗ್ರಾಂ. ಕೆರೆಯ ಒಂದು ಲೀಟರು ಒಳ್ಳೆಯ ನೀರಿನಲ್ಲಿರುವುದು ಏಳೂವರೆ ಮಿಲಿಗ್ರಾಂ. ಭಾಗಿಸಿ ನೋಡಿ: ಒಂದು ಬಿಂದಿಗೆ ಕೊಳಚೆ ಮೂವತ್ತಕ್ಕೂ ಹೆಚ್ಚು ಬಿಂದಿಗೆ ತಿಳಿನೀರಿನ ಉಸಿರನ್ನು ನುಂಗಬಲ್ಲದು! 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಒಮ್ಮೆಗೇ ಸತ್ತು ತೇಲಿದಾಗ ಅನೇಕರು ಬೆರಗಾದರು. ಈ ಭಾಗಾಕಾರವನ್ನು ಮಾಡಿದವರಿಗೆ ಬೆರಗಿಗಿಂತ ವ್ಯಥೆಯೇ ಹೆಚ್ಚಾಗಿರಬೇಕು.

ಬೆಳ್ಳಂದೂರು ಕೆರೆಯ ನೊರೆಯನ್ನು ಪತ್ರಿಕೆಗಳಲ್ಲಿ ನೋಡದವರು ವಿರಳ. ಶುದ್ಧ ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ 72 ಡೈನ್; ಸಾಬೂನು, ಬಟ್ಟೆ ತೊಳೆಯುವ ಪುಡಿ ಮೊದಲಾದುವು ಸೇರಿದಾಗ ಅದು ಅರ್ಧಕ್ಕಿಂತಲೂ ಕೆಳಗಿಳಿಯಬಲ್ಲದು. ಅಂತಹ ನೀರು ಕೋಡಿಯ ಮೇಲಿಂದ ರಭಸವಾಗಿ ಧುಮುಕುವಾಗ ಗಾಳಿಯನ್ನು ಒಳಗೆಳೆದುಕೊಂಡು ಒಡೆಯದ ಗುಳ್ಳೆಗಳ ರಾಶಿಯಾಗುತ್ತದೆ. ಅಲ್ಲಿ ನೊರೆ ರಸ್ತೆಯವರೆಗೂ ಹಾರಿತು. 2015ರ ಮೇ, 2017ರ ಫೆಬ್ರವರಿ ಹಾಗೂ 2018ರ ಜನವರಿ ತಿಂಗಳುಗಳಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ನೀರು ಉರಿಯುವುದಿಲ್ಲ ನಿಜ. ಆದರೆ ಒಣಗಿದ ಕಳೆ, ಕಸ ಇವು ಉರಿಯುತ್ತವೆ. ಆಮ್ಲಜನಕವಿಲ್ಲದ ತಳದ ಕೆಸರಿನಲ್ಲಿ ಹುಟ್ಟುವ ಮೀಥೇನ್ ಎಂಬ ಅನಿಲವೂ ಉರಿಯುವಂತಹುದೇ.

ನಮ್ಮ ಹಿರಿಯರ ಕಾಲದಲ್ಲಿ ಹೀಗಿರಲಿಲ್ಲವೆಂದು ಹೇಳುವುದು ವಾಡಿಕೆ. ಅದಕ್ಕೆ ಕಾರಣ ಅವರ ಪುಣ್ಯವಷ್ಟೇ ಅಲ್ಲ, ಅವರ ಏರ್ಪಾಡು. ದೊಡ್ಡ ನದಿಯಿಲ್ಲದ ಬೆಂಗಳೂರಿನ ಸುತ್ತ ಒಂದು ಕೆರೆಯ ಕೋಡಿಯ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹರಿಯುವಂತೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದ್ದರು. ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿಯಿದ್ದನು. ಬೇಸಗೆಯಲ್ಲಿ ಅನೇಕ ಕೆರೆಗಳು ಬತ್ತುತ್ತಿದ್ದುವು. ಆಗ ರೈತರು ಗಾಡಿ ಕಟ್ಟಿಕೊಂಡು ಬಂದು ಹೂಳನ್ನು ತೆಗೆದು ತಮ್ಮ ಹೊಲಗಳಿಗೆ ಹಾಕುತ್ತಿದ್ದರು. ತಳದಲ್ಲಿ ಕೂಡಿದ ಗೊಬ್ಬರವು ಹೊಲಕ್ಕೆ ಮರಳಿ, ಕೆರೆ ಹಗುರವಾಗುತ್ತಿತ್ತು. ಈಗ ನಗರದ ಹಲವು ಕೆರೆಗಳು ವರ್ಷವಿಡೀ ತುಂಬಿರುತ್ತವೆ. ಇದನ್ನು ಕಂಡು ಸಂತೋಷಪಡುವವರೂ ಇದ್ದಾರೆ! ಬೇಸಗೆಯಲ್ಲಿಯೂ ಬತ್ತದಂತೆ ಅವುಗಳನ್ನು ತುಂಬುತ್ತಿರುವ ನೀರು ಎಲ್ಲಿಂದ ಬಂದಿತೆಂಬುದನ್ನು ಅವರು ಕೇಳಿಕೊಂಡಂತಿಲ್ಲ.

ದಡದ ನಿವಾಸಿಗಳು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ಇದೇ ನಗರದಲ್ಲಿ ನಿದರ್ಶನಗಳುಂಟು. ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು ಒಂದು ನ್ಯಾಸವನ್ನು ರಚಿಸಿಕೊಂಡು, 2011ರಲ್ಲಿ ನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ಪಾಲನೆಯನ್ನು ವಹಿಸಿಕೊಂಡರು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ಕೊಳಚೆನೀರು ನೇರವಾಗಿ ಕೆರೆಗೆ ಸೇರದೆ, ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುತ್ತದೆ. ಈ ಜೌಗಿನ ಗುಟ್ಟು ನಿಧಾನ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ದಪ್ಪದ ಮಣ್ಣಿನ ಕಣವು ನಿಶ್ಚಲವಾದ ನೀರಿನಲ್ಲಿ ಒಂದು ಮೀಟರು ಇಳಿಯಲು ಸುಮಾರು ಮೂರು ಗಂಟೆ ಬೇಕು. ಅದರ ಹತ್ತನೆಯ ಒಂದು ಭಾಗದಷ್ಟು ದಪ್ಪದ ಕಣಕ್ಕೆ, ಸ್ಟೋಕ್ಸನ ನಿಯಮದಂತೆ, ನೂರು ಪಟ್ಟು ಕಾಲ, ಎಂದರೆ ಹನ್ನೆರಡು ದಿನ. ಜೊಂಡಿನ ಕಾಂಡಗಳು ನೀರಿನ ವೇಗವನ್ನು ತಡೆದು ಕಣಗಳಿಗೆ ಈ ಬಿಡುವನ್ನು ಒದಗಿಸುತ್ತವೆ. ಬೇರುಗಳಿಗಂಟಿದ ಏಕಾಣುಜೀವಿಗಳು ಉಳಿದ ಕೊಳೆಯನ್ನು ಅರಗಿಸುತ್ತವೆ. ಪಾಚಿಗೆ ಆಹಾರವಾಗುವ ಸಾರಜನಕ, ರಂಜಕಗಳ ಒಂದು ಭಾಗವನ್ನು ಗಿಡಗಳು ಹೀರಿಕೊಳ್ಳುತ್ತವೆ. ‘ಜೊಂಡು ಕುರೂಪ, ಕಿತ್ತು ಹಾಕಿ ಕಲ್ಲು ಕಟ್ಟಿಸಿ’ ಎಂದು ಕೇಳುವವರಿಗೆ ಇದನ್ನು ತಿಳಿಸಿ ಹೇಳಬೇಕಾಗುತ್ತದೆ.

ನಮ್ಮ ಕೆರೆಯ ಕಥೆಗೆ ಹಿಂದಿರುಗೋಣ. ಮೀನುಗಳು ಸತ್ತ ಮುಂದಿನ ಭಾನುವಾರ ಬಡಾವಣೆಯ ಜನ ಉತ್ಸಾಹದಿಂದ ಸೇರಿ ಪ್ಲಾಸ್ಟಿಕ್ ಚೀಲ, ಸೀಸೆಗಳನ್ನು ಹೆಕ್ಕಿದರು. ಕಾರಂಜಿಯೊಂದನ್ನು ಇಡಿಸಬೇಕೆಂಬ ಸಲಹೆಯೂ ಬಂದಿತು. ನನ್ನ ವಿದ್ಯಾರ್ಥಿಗಳು ಮಾತ್ರ ಬೇರೊಂದು ಕೆಲಸಕ್ಕೆ ಕೈಹಾಕಿದರು. ಇಟಲಿಯ ಖಗೋಳಜ್ಞ ಪಾದ್ರಿ ಆಂಜೆಲೊ ಸೆಕ್ಕಿಯು 1865ರಲ್ಲಿ ಸಮುದ್ರದ ನೀರಿನ ತಿಳಿಯನ್ನು ಅಳೆಯಲು ಬಳಸಿದ ಉಪಾಯವದು. ಇಪ್ಪತ್ತು ಸೆಂಟಿಮೀಟರು ಅಗಲದ ತಗಡಿನ ಬಿಲ್ಲೆಯನ್ನು ನಾಲ್ಕು ಪಾಲು ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು ಬಿಳಿ ಬಣ್ಣ ಹಚ್ಚಿ, ಕೆಳಗೆ ತೂಕ ಕಟ್ಟಿ, ಹತ್ತು ಹತ್ತು ಸೆಂಟಿಮೀಟರಿಗೆ ಗಂಟು ಹಾಕಿದ ಹಗ್ಗದಿಂದ ನೀರಿಗಿಳಿಸಬೇಕು. ಬಿಲ್ಲೆ ಕಣ್ಮರೆಯಾಗುವ ಆಳವನ್ನು ಗಂಟುಗಳಿಂದ ಎಣಿಸಬೇಕು. ಹೊತ್ತು ನಡುಹಗಲಾಗಿರಲಿ; ನೆರಳಿನ ಕಡೆಯಿಂದ ನೋಡಬೇಕು. ಹುಡುಗರು ತಾವಾಗಿ ನೀರಿಗಿಳಿಯಬಾರದು. ನಮಗೆ ಆ ಬಲೆಯ ಮುದುಕನ ಹರಿಗೋಲು ದೊರೆಯಿತು.

ಕೆರೆಯ ನಡುವೆ ಬಿಲ್ಲೆ ಐದಾರು ಗಂಟುಗಳವರೆಗೆ ಕಾಣುತ್ತಿತ್ತು. ಪೂರ್ವದ ಮೂಲೆಗೆ ಸರಿದಂತೆ ನಾಲ್ಕು, ಮೂರು, ಕೊನೆಗೆ ಒಂದೇ ಗಂಟಿಗೆ ಮರೆಯಾಯಿತು. ಆ ಮೂಲೆಯಲ್ಲಿ ಮಳೆನೀರಿನ ಕಾಲುವೆಯೊಂದು ಬಂದು ಸೇರುತ್ತದೆ. ಮಳೆಯಿಲ್ಲದೆ ವಾರವಾಗಿದ್ದರೂ ಅದರಲ್ಲಿ ನೀರು ಹರಿಯುತ್ತಿತ್ತು. ಬೆಳಗಿನ ಏಳರಿಂದ ಒಂಬತ್ತರವರೆಗೆ ಹರಿವು ಹೆಚ್ಚು. ಮಳೆಯಿಲ್ಲದ ದಿನ ಮಳೆನೀರಿನ ಕಾಲುವೆ ಹರಿದರೆ ಅದು ಮಳೆನೀರಲ್ಲವೆಂದು ಹೇಳಲು ಉಪಕರಣವೇನೂ ಬೇಕಿಲ್ಲ. ಆದರೆ ಯಾವ ಮನೆಯದು? ಪಕ್ಕದ ಮನೆಯ ಅಜ್ಜಿ ಉಪಾಯ ಹೇಳಿದರು: ‘ಒಂದೊಂದು ಮನೆಯ ಬಚ್ಚಲಿಗೂ ಅರಿಸಿನದ ನೀರು ಹಾಕಿ ನೋಡಿ ಮೇಷ್ಟ್ರೇ.’ ಅರಿಸಿನವು ಕ್ಷಾರದಲ್ಲಿ ಕೆಂಪಾಗುತ್ತದೆ. ಸುಣ್ಣ ಬೆರೆಸಿ ಓಕುಳಿ ಮಾಡುವವರಿಗೆಲ್ಲ ಇದು ಗೊತ್ತು. ಬಟ್ಟೆ ತೊಳೆದ ಸಾಬೂನಿನ ನೀರೂ ಕ್ಷಾರವೇ. ಮೂರು ಮನೆಗಳಲ್ಲಿ ಹಾಕಿದೆವು, ಕಾಲುವೆಯಲ್ಲಿ ಏನೂ ಕಾಣಲಿಲ್ಲ. ನಾಲ್ಕನೆಯದರಲ್ಲಿ, ಬಟ್ಟೆ ಒಗೆಯುವ ಹೊತ್ತಿಗೆ ಸರಿಯಾಗಿ ಹಾಕಿದಾಗ, ಕಾಲುವೆಯ ಬಾಯಲ್ಲಿ ನಿಂತಿದ್ದ ಹುಡುಗ, ‘ಬಂತು ಸಾರ್, ಓಕುಳಿ ಬಂತು!’ ಎಂದು ಕೂಗಿದನು.

ಆ ನಾಲ್ಕನೆಯ ಮನೆ ನಾನು ಬಾಡಿಗೆಗಿದ್ದ ಮನೆ. ಕಟ್ಟಿದವರು ಯಾರೋ ಬಚ್ಚಲು ಮತ್ತು ಅಡುಗೆಮನೆಯ ಕೊಳವೆಗಳನ್ನು ಒಳಚರಂಡಿಗೆ ಸೇರಿಸದೆ ಮಳೆಗಾಲುವೆಗೆ ತಿರುಗಿಸಿದ್ದರು. ಏರಿಯ ಮೇಲೆ ನಿಂತು ಮೀನಿನ ಸಾವಿಗೆ ಕಾರಣವನ್ನು ವಿವರಿಸಿದ್ದ ಉಪನ್ಯಾಸಕನ ಮನೆಯ ನೀರೂ ಅದರಲ್ಲಿ ಸೇರಿತ್ತು! ಹುಡುಗರು ನನ್ನ ಮುಖ ನೋಡಲಾರದೆ ನಿಂತಿದ್ದರು. ಆ ಬೀದಿಯಲ್ಲಿ ಅಂತಹ ಮನೆಗಳು ಇನ್ನೂ ಎಂಟು ಸಿಕ್ಕಿದುವು. ಮಾಲೀಕರಲ್ಲಿ ಇಬ್ಬರು ಜಗಳವಾಡಿದರು, ಒಬ್ಬರು ಖರ್ಚಿನ ಮಾತೆತ್ತಿದರು. ಮಳೆಗಾಲದ ಮುಂಚೆ ರಸ್ತೆಯನ್ನು ಅಗೆದು ಆರು ಮನೆಗಳ ಕೊಳವೆಗಳನ್ನು ಸರಿಪಡಿಸಲಾಯಿತು. ಮೂರು ಇನ್ನೂ ಹಾಗೆಯೇ ಇವೆ. ಕಾರಂಜಿಯ ಹಣ ಈ ಕೆಲಸಕ್ಕೆ ವೆಚ್ಚವಾಯಿತು.

ಬಿಲ್ಲೆಯನ್ನು ಈಗಲೂ ತಿಂಗಳಿಗೊಮ್ಮೆ ಇಳಿಸುತ್ತೇವೆ. ಪೂರ್ವದ ಮೂಲೆಯಲ್ಲಿ ಅದು ಈ ಸಲ ಮೂರನೆಯ ಗಂಟಿನವರೆಗೆ ಕಾಣಿಸಿತು. ಹರಿಗೋಲಿನ ಮುದುಕನಿಗೆ ಗಂಟುಗಳ ಲೆಕ್ಕದಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ಬೇಸಗೆಯ ಮೊದಲ ಮಳೆ ಬಿದ್ದ ಮರುದಿನ ಬೆಳಕು ಹರಿಯುವ ಮುನ್ನ ಬಂದು ಮೀನುಗಳ ಬಾಯಿ ನೋಡಿ ಎನ್ನುತ್ತಾನೆ.